ಮೊಟ್ಟೆಗೆ ಗೆರೆ ಎಲ್ಲಿದೆ?

ಡ್ರಾಯಿಂಗ್ ಮೇಷ್ಟ್ರು ಹೋಗಿಬಿಟ್ಟರು ಅಂತ ಹೋದ ತಿಂಗಳು ಗೆಳೆಯನ ಫೋನ್ ಬಂತು. ಮರುಕ್ಷಣವೇ ಅವನು ಕೇಳಿದ್ದು, "ಮೊಟ್ಟೆ ನೆನಪಿದೆಯೇನೋ?" ಇಬ್ಬರೂ ನಕ್ಕೆವು. ಆಮೇಲೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಎಂಟನೇ ತರಗತಿಯ ಮೊದಲ ಡ್ರಾಯಿಂಗ್ ಪೀರಿಯಡ್. ಎರಡು ಬೆಟ್ಟ, ನಡುವೆ ಸೂರ್ಯ ಬರೆಯಲು ನಾವೆಲ್ಲ ರೆಡಿಯಾಗಿದ್ದೆವು. ಮೇಷ್ಟ್ರು ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಒಂದು ಬಿಳಿ ಮೊಟ್ಟೆ ಇಟ್ಟು, "ಬರೀರಿ" ಅಂದರು. ಗಣಿತದಲ್ಲಿ ಮೊಟ್ಟೆ ತೆಗೆದುಕೊಂಡು ಅಭ್ಯಾಸವಿದ್ದ ನಾನು ಒಂದೇ ನಿಮಿಷದಲ್ಲಿ ಉದ್ದನೆ ಸೊನ್ನೆ ಸುತ್ತಿ ಕೈಕಟ್ಟಿ ಕೂತೆ.

"ಮೊಟ್ಟೆ ಸುತ್ತ ಈ ಕಪ್ಪು ಗೆರೆ ಎಲ್ಲಿದೆ, ಬಂದು ತೋರಿಸು" ಅಂದರು.

ಹತ್ತಿರ ಹೋಗಿ ನೋಡಿದೆ. ಇರಲಿಲ್ಲ! ಒಂದು ಕಡೆ ಮೊಟ್ಟೆ ಬೆಳ್ಳಗೆ, ಹಿಂದಿನ ಗೋಡೆ ಮಬ್ಬು. ಇನ್ನೊಂದು ಕಡೆ ಮೊಟ್ಟೆಯೇ ಮಬ್ಬು. ಎರಡು ಛಾಯೆ ಸೇರುವ ಜಾಗವನ್ನು ನಾನು ಗೆರೆ ಅಂದುಕೊಂಡಿದ್ದೆ.

ವಾರಗಟ್ಟಲೆ ಮೊಟ್ಟೆಯೇ ಬರೆದೆವು. ವಿಚಿತ್ರ ಅಂದರೆ, ನೆರಳು ತೀರಾ ಕಪ್ಪಾಗಿರುವುದು ಅಂಚಿನಲ್ಲಿ ಅಲ್ಲ, ಸ್ವಲ್ಪ ಒಳಗೆ. ಅಂಚಿಗೆ ಕೆಳಗಿನ ಬಿಳಿ ಕಾಗದದಿಂದ ಬೆಳಕು ತಿರುಗಿ ಬಡಿಯುತ್ತದೆ. ಅದು ಕಂಡ ದಿನ ನನ್ನ ಚಪ್ಪಟೆ ಸೊನ್ನೆ ದುಂಡಗಾಯಿತು. ಗೆರೆ, ಆಕಾರ, ಘನರೂಪ, ಛಾಯೆ, ಬಣ್ಣ ಅಂತ ಬೋರ್ಡಿನ ಮೇಲೆ ಏಳು ಅಂಶ ಬರೆಸಿದ್ದರು. ಉಳಿದೆರಡು ಈಗ ಮರೆತಿದೆ.

ಒಂದು ದಿನ ಮೇಷ್ಟ್ರು ಹೊರಗೆ ಹೋದಾಗ ನಾನೇ ಎದ್ದು ಎಡಗಡೆ ಕಿಟಕಿ ಮುಚ್ಚಿ ಬಲಗಡೆಯದು ತೆರೆದೆ. ನೆರಳು ಪಲ್ಟಿ! ತಿರುಗಿ ಬಂದ ಮೇಷ್ಟ್ರು ಯಾರನ್ನೂ ವಿಚಾರಿಸಲಿಲ್ಲ. ಸುಮ್ನೆ ಹಾಳೆಗಳನ್ನು ನೋಡುತ್ತಾ ಬಂದು ನನ್ನ ಮುಂದೆ ನಿಂತರು.

"ಎಲ್ಲರ ನೆರಳೂ ಬಲಕ್ಕೆ ಬಿದ್ದಿದೆ. ನಿಂದು ಮಾತ್ರ ಎಡಕ್ಕೆ. ಅಲ್ಲಿ ತನಕ ಏನು ಮಾಡ್ತಿದ್ದೆ?"

ಕಿವಿ ಹಿಂಡಿದರು. ಆಮೇಲೆ, "ನೆರಳು ಮಾತ್ರ ಸರಿಯಾಗಿದೆ" ಅಂತ ಹತ್ತಕ್ಕೆ ಎಂಟು ಕೊಟ್ಟರು. ಅವತ್ತು ಎಂಟು ಬಂದದ್ದು ನನಗೊಬ್ಬನಿಗೇ. ಹೇಳಿಕೊಳ್ಳಬಾರದು, ಆದರೂ ಹೇಳಿದೆ.

ಎಷ್ಟೋ ವರ್ಷಗಳ ಮೇಲೆ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಮೋನಾಲಿಸಾ ನೋಡಿದೆ. ಬರೀ 77 ಸೆಂಟಿಮೀಟರ್ ಎತ್ತರದ ಚಿತ್ರ, ಮುಂದೆ ಜನವೋ ಜನ. ತುಟಿಯ ಕೊನೆಯಲ್ಲಿ ಗೆರೆ ಹುಡುಕಿದೆ. ಇಲ್ಲ! ಲಿಯೊನಾರ್ಡೊ ಇದನ್ನು ಶುರು ಮಾಡಿದ್ದು 1503ರ ಸುಮಾರಿಗೆ. ತೆಳು ಪದರಗಳಲ್ಲಿ ಬೆಳಕನ್ನು ನೆರಳಿನೊಳಗೆ ಹೊಗೆಯ ಹಾಗೆ ಕರಗಿಸಿದ್ದಾನೆ. ಆ ವಿಧಾನದ ಹೆಸರು ಸ್ಫುಮಾಟೊ. ಇಟಾಲಿಯನ್ನಿನಲ್ಲಿ ಹೊಗೆಗೆ ಇರುವ ಮಾತಿನಿಂದಲೇ ಬಂದದ್ದು. ಪಕ್ಕದವರಿಗೆ "ನೋಡಿ, ಗೆರೆಯೇ ಇಲ್ಲ" ಅಂತ ಹೇಳಿಯೂಬಿಟ್ಟೆ. ಅವರು ಸೆಲ್ಫಿ ತೆಗೆಯುವುದರಲ್ಲಿದ್ದರು.

ಈಗ ಪರೀಕ್ಷೆ ಹತ್ತಿರ ಬಂದರೆ ಮಗಳ ಡ್ರಾಯಿಂಗ್ ಪೀರಿಯಡ್ಡನ್ನು ಗಣಿತದವರು ತೆಗೆದುಕೊಳ್ಳುತ್ತಾರೆ. ಉಳಿದ ದಿನ ಅಚ್ಚು ಹಾಕಿದ ದಪ್ಪ ಗೆರೆಯೊಳಗೆ ಬಣ್ಣ ತುಂಬುವ ಕೆಲಸ. ಕಣ್ಣಿಗಿಂತ ಕೈಗೇ ಜಾಸ್ತಿ ಶಿಸ್ತು.

ಫೋನ್ ಬಂದ ಸಂಜೆ ಕಿಟಕಿಯ ಹತ್ತಿರ ಬಿಳಿ ಕಾಗದ ಹಾಸಿ ಒಂದು ಮೊಟ್ಟೆ ಇಟ್ಟು ಮಗಳನ್ನು ಕೂರಿಸಿದೆ. ಅವಳೂ ಸೊನ್ನೆ ಸುತ್ತಿದಳು. ಮೇಷ್ಟ್ರ ಪ್ರಶ್ನೆ ಕೇಳಿದೆ. ಬಗ್ಗಿ, ಒಂದು ಕಣ್ಣು ಮುಚ್ಚಿ, ತುಂಬಾ ಹೊತ್ತು ನೋಡಿದಳು.

"ಇಲ್ಲ ಅಪ್ಪ. ಆದ್ರೆ ಗೆರೆ ಹಾಕದಿದ್ರೆ ನಮ್ಮ ಮಿಸ್ ಸ್ಟಾರ್ ಕೊಡಲ್ಲ."