ಕೆಮಿಸ್ಟ್ರಿ ಪೇಪರ್ ಮುಗಿಸಿ ಬಸ್ಸಿನಲ್ಲಿ ಉತ್ತರ ತಾಳೆ ಹಾಕುವವರಿಗೆ

ದ್ವಿತೀಯ ಪಿಯುಸಿ ಕೆಮಿಸ್ಟ್ರಿ ಪರೀಕ್ಷೆ ಮುಗಿದ ಮಧ್ಯಾಹ್ನ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಡುವ ಬಸ್ಸು ಹತ್ತಿ ನೋಡಿ. ಗಾಜನೂರು ದಾಟುವಾಗ 70ಕ್ಕೆ 62 ಇದ್ದ ಮಾರ್ಕ್ಸು ಮಂಡಗದ್ದೆ ಬರುವಷ್ಟರಲ್ಲಿ 54ಕ್ಕೆ ಇಳಿದಿರುತ್ತದೆ. ಪೇಪರ್ ಅಷ್ಟರಲ್ಲಿ ಬದಲಾಗಿರುವುದಿಲ್ಲ. ಹಿಂದಿನ ಸೀಟಿನವನು "ಆ ಬೆಂಜೀನ್ ಲೆಕ್ಕಕ್ಕೆ ನಂಗೆ 57.5 ಬಂತು ಮಾರಾಯ, ನಿಂಗೆಷ್ಟು?" ಅಂದಿರುತ್ತಾನೆ, ಇವನದು 58 ಇರುತ್ತದೆ, ಅಲ್ಲಿಂದ ಶುರು.

ಇಬ್ಬರದೂ ಸರಿಯೇ. ಪಠ್ಯಪುಸ್ತಕದಲ್ಲೇ ಇರುವ ಲೆಕ್ಕ ಅದು: 90 ಗ್ರಾಂ ಬೆಂಜೀನಿಗೆ ಆವಿಯಾಗದ ದ್ರಾವ್ಯ 1.80 ಗ್ರಾಂ ಹಾಕಿದರೆ ಕುದಿಯುವ ಬಿಂದು 353.23 ಕೆಲ್ವಿನ್‌ನಿಂದ 354.11ಕ್ಕೆ ಏರುತ್ತದೆ, ಮೋಲಾರ್ ದ್ರವ್ಯರಾಶಿ ಎಷ್ಟು? ಏರಿಕೆ 0.88. ಬೆಂಜೀನಿನ ಸ್ಥಿರಾಂಕ 2.53ನ್ನು 1.80ರಿಂದಲೂ 1000ದಿಂದಲೂ ಗುಣಿಸಿ, 0.88 ಮತ್ತು 90ರ ಗುಣಲಬ್ಧದಿಂದ ಭಾಗಿಸಿದರೆ 57.5. ಪುಸ್ತಕ ಅದನ್ನೇ 58 ಅಂತ ಮುಗಿಸಿದೆ. ದಶಾಂಶದ ಈ ಸಣ್ಣ ವ್ಯತ್ಯಾಸಕ್ಕೆ ಯಾರೂ ಅಂಕ ಕಡಿಯುವುದಿಲ್ಲ. ಕಡಿಯುವುದು 'ಗ್ರಾಂ ಪ್ರತಿ ಮೋಲ್' ಅಂತ ಬರೆಯದೆ ಬರೀ 58 ಅಂತ ಬಿಟ್ಟಾಗ. ಬಸ್ಸಿನಲ್ಲಿ ಮಾತ್ರ ಯೂನಿಟ್ ಬರೆದೆಯಾ ಅಂತ ಒಬ್ಬನೂ ಕೇಳುವುದಿಲ್ಲ.

ಪ್ರಶ್ನೆಪತ್ರಿಕೆಯ ಸೂಚನೆಯಲ್ಲೇ ಇದನ್ನು ಅಚ್ಚು ಹಾಕಿರುತ್ತಾರೆ: ವಿವರವಾದ ಹಂತಗಳಿಲ್ಲದೆ, ಕೊನೆಯ ಉತ್ತರಕ್ಕೆ ಯೂನಿಟ್ ಇಲ್ಲದೆ ನೇರವಾಗಿ ಬರೆದ ಲೆಕ್ಕಗಳಿಗೆ ಅಂಕವಿಲ್ಲ. ಮೂರು ಅಂಕದ ನ್ಯೂಮರಿಕಲ್ ಅಂದರೆ ಸಾಮಾನ್ಯವಾಗಿ ಸೂತ್ರಕ್ಕೊಂದು, ಬೆಲೆಗಳನ್ನು ಸರಿಯಾಗಿ ಹಾಕಿದ್ದಕ್ಕೊಂದು, ಯೂನಿಟ್ ಸಮೇತ ಉತ್ತರಕ್ಕೊಂದು. ಹಾಗಾಗಿ ಉತ್ತರ ತಪ್ಪಿದೆ ಅಂತ ಗೊತ್ತಾದ ಕೂಡಲೇ ಮೂರನ್ನೂ ಕಳೆಯಬೇಡಿ. ಉತ್ತರ ಹೊಂದಿತು ಅಂತ ಮೂರನ್ನೂ ಕೂಡಿಸಲೂಬೇಡಿ. ತಾಳೆ ಹಾಕಬೇಕಾದ್ದು ಹಂತಗಳನ್ನು.

ಹಾಗೆ ನೋಡಿದರೆ ಸ್ನೇಹಿತನ ತಪ್ಪು ಉತ್ತರವೇ ತಪ್ಪಿದ್ದೆಲ್ಲಿ ಅಂತ ಹೇಳಿಬಿಡುತ್ತದೆ. ಎಲೆಕ್ಟ್ರೋಕೆಮಿಸ್ಟ್ರಿಯ ಮೆಗ್ನೀಷಿಯಂ–ಬೆಳ್ಳಿ ಕೋಶವನ್ನೇ ತೆಗೆದುಕೊಳ್ಳಿ. ಮೆಗ್ನೀಷಿಯಂ ಅಯಾನು 0.130 ಮೋಲಾರ್, ಬೆಳ್ಳಿ ಅಯಾನು 0.0001 ಮೋಲಾರ್, ಪ್ರಮಾಣಿತ ವಿಭವ 3.17 ವೋಲ್ಟ್. ನರ್ನ್‌ಸ್ಟ್ ಸಮೀಕರಣ ಹಾಕಿದರೆ ಬರಬೇಕಾದ್ದು 2.96 ವೋಲ್ಟ್. ಪಕ್ಕದವನು 3.08 ಅಂದರೆ ಅವನು ಬೆಳ್ಳಿಯ ಸಾಂದ್ರತೆಗೆ ವರ್ಗ ಹಾಕಿಲ್ಲ. ಒಂದು ಮೆಗ್ನೀಷಿಯಂ ಎರಡು ಎಲೆಕ್ಟ್ರಾನ್ ಬಿಟ್ಟರೆ ಎರಡು ಬೆಳ್ಳಿ ಅಯಾನು ಬೇಕು, ಆ ಎರಡು ಘಾತಾಂಕವಾಗಿ ಮೇಲೆ ಕೂರಬೇಕು. 3.38 ಅಂದರೆ ಮೈನಸ್ ಇರಬೇಕಾದಲ್ಲಿ ಪ್ಲಸ್ ಹಾಕಿದ್ದಾನೆ, ಇಲ್ಲವೇ ಲಾಗ್ ಒಳಗಿನ ಭಾಗವನ್ನು ತಲೆಕೆಳಗು ಮಾಡಿದ್ದಾನೆ. 2.75 ಅಂದರೆ 0.059ನ್ನು ಎರಡರಿಂದ ಭಾಗಿಸುವುದು ಮರೆತಿದೆ. 0.059 ಹಾಕಿದವರಿಗೂ 0.0591 ಹಾಕಿದವರಿಗೂ ಬರುವುದು ಅದೇ 2.96, ಅದಕ್ಕೆ ಜಗಳ ಬೇಡ.

ಸೈಂಟಿಫಿಕ್ ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ, ಲಾಗ್ ಟೇಬಲ್ ನೋಡಬೇಕು. ಎಡವುವುದು ಅಲ್ಲೇ ಹೆಚ್ಚು. 0.05ರ ಲಾಗ್ ಟೇಬಲ್ ಪ್ರಕಾರ ಬಾರ್ 2.6990. ಇದನ್ನು ಎಷ್ಟೋ ಜನ ಮೈನಸ್ 2.6990 ಅಂತ ಬರೆದುಬಿಡುತ್ತಾರೆ. ಬಾರ್ ಇರುವುದು 2ರ ತಲೆ ಮೇಲೆ ಮಾತ್ರ, 0.6990 ಪಾಸಿಟಿವ್. ಎರಡನ್ನೂ ಕೂಡಿದರೆ ಮೈನಸ್ 1.3010. ಸೂತ್ರ ಸರಿ, ಬೆಲೆ ಸರಿ, ಉತ್ತರ ಮಾತ್ರ ಎಲ್ಲೋ ಹೋಗಿ ಬಿದ್ದಿದೆ ಅನ್ನುವವರು ಮೊದಲು ಈ ಬಾರ್ ನೋಡಿಕೊಳ್ಳಿ.

ಕೈನೆಟಿಕ್ಸ್‌ನಲ್ಲಿ ಇನ್ನೊಂದು ಹಳೆಯ ಬಲೆ ಇದೆ. 298 ಕೆಲ್ವಿನ್‌ನಿಂದ 10 ಡಿಗ್ರಿ ಏರಿಸಿದಾಗ ವೇಗ ದುಪ್ಪಟ್ಟಾದರೆ ಕ್ರಿಯಾಶೀಲನ ಶಕ್ತಿ ಸುಮಾರು 52.9 ಕಿಲೋಜೌಲ್ ಪ್ರತಿ ಮೋಲ್. ಅನಿಲ ಸ್ಥಿರಾಂಕವಾಗಿ 8.314 ಹಾಕಿದರೆ ಉತ್ತರ ಬರುವುದು ಜೌಲ್‌ನಲ್ಲಿ, ಅಂದರೆ 52,900ರ ಆಸುಪಾಸು. ಜೌಲ್ ಅಂತಲೇ ಬಿಟ್ಟರೂ ಸರಿ. 52.9 ಬರೆದು ಮುಂದೆ ಜೌಲ್ ಅಂತ ಹಾಕಿದರೆ ತಪ್ಪು. ಬಾಯಲ್ಲಿ ತಾಳೆ ಹಾಕುವಾಗ "ನಂಗೂ 52.9" ಅಂತ ಇಬ್ಬರೂ ಕೈಕೈ ತಟ್ಟಿಕೊಳ್ಳುತ್ತಾರೆ, ಅಂಕ ಸಿಗುವುದು ಒಬ್ಬನಿಗೆ.

ಆರ್ಗ್ಯಾನಿಕ್‌ಗೆ ಬಂದರೆ "ಹೆಸರು ಬರೆದಿದ್ದೀನಿ, ಸಮೀಕರಣಾನೂ ಬರೆದಿದ್ದೀನಿ" ಅನ್ನುವುದು ಸಾಲದು, ಬಾಣದ ಮೇಲೇನಿತ್ತು ನೆನಪು ಮಾಡಿಕೊಳ್ಳಿ. ಕ್ಲೋರೋಫಾರ್ಮ್ ಎರಡು ಕಡೆ ಬರುತ್ತದೆ. ಪ್ರೈಮರಿ ಅಮೈನ್ ಜತೆ ಆಲ್ಕೋಹಾಲಿಕ್ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಇದ್ದರೆ ಕಾರ್ಬಿಲಮೈನ್ ಕ್ರಿಯೆ. ಫೀನಾಲ್ ಜತೆ ಜಲೀಯ ಸೋಡಿಯಂ ಹೈಡ್ರಾಕ್ಸೈಡ್ ಇದ್ದು, ಆಮೇಲೆ ಆಮ್ಲ ಹಾಕಿದರೆ ರೈಮರ್–ಟೀಮನ್, ಸಿಗುವುದು ಸ್ಯಾಲಿಸಿಲಾಲ್ಡಿಹೈಡ್. ಗಡಿಬಿಡಿಯಲ್ಲಿ ಇದು ಅಲ್ಲಿಗೆ, ಅದು ಇಲ್ಲಿಗೆ ಹೋಗುತ್ತದೆ. ಹಾಫ್‌ಮನ್ ಬ್ರೋಮಮೈಡ್‌ನಲ್ಲಿ ಅಸಿಟಮೈಡಿನಿಂದ ಬರುವುದು ಮೀಥೈಲಮೈನ್. ಈಥೈಲಮೈನ್ ಬರೆದಿದ್ದರೆ ಒಂದು ಕಾರ್ಬನ್ ಕಳೆಯುವ ವಿಷಯವೇ ಕೈಬಿಟ್ಟಿದೆ, ಆ ಕ್ರಿಯೆಯ ತಿರುಳೇ ಅದು. ಬ್ರೋಮಿನ್ ಅಣು ಒಂದಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ನಾಲ್ಕು. ಸಮತೋಲನ ಮಾಡಿದ ಸಮೀಕರಣ ಕೇಳಿದ್ದರೆ ಅದನ್ನೂ ನೋಡಿಕೊಳ್ಳಿ.

ಫೀನಾಲಿನ ಪರೀಕ್ಷೆಯಲ್ಲಿ ತಟಸ್ಥ ಫೆರಿಕ್ ಕ್ಲೋರೈಡ್ ನೇರಳೆ ಬಣ್ಣ ಕೊಡುತ್ತದೆ. 'ತಟಸ್ಥ' ಅನ್ನುವ ಪದ ಬಿಟ್ಟವರೇ ಹೆಚ್ಚು. (ಹಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಅಲಗು ಕಪ್ಪಾಗುವುದೂ ಇದರ ದಾಯಾದಿಯೇ. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಫೀನಾಲಿನ ಕುಲದ್ದು, ಕಬ್ಬಿಣ ಸಿಕ್ಕರೆ ಕಪ್ಪಾಗುತ್ತದೆ. ಮಲೆನಾಡಿನ ಹುಡುಗರಿಗೆ ಈ ಪರೀಕ್ಷೆ ಮರೆಯಲೇಬಾರದು.)

ಕಾಂಪ್ಲೆಕ್ಸ್‌ಗಳಲ್ಲಿ ಹೆಚ್ಚು ಹೇಳುವುದಿಲ್ಲ. ನಿಕಲ್‌ಗೆ ನಾಲ್ಕು ಕ್ಲೋರೈಡ್ ಇದ್ದರೆ ಚತುರ್ಮುಖಿ, ಎರಡು ಒಂಟಿ ಎಲೆಕ್ಟ್ರಾನ್, ಮ್ಯಾಗ್ನೆಟಿಕ್ ಮೊಮೆಂಟ್ 2.83 ಬೋರ್ ಮ್ಯಾಗ್ನೆಟಾನ್. ನಾಲ್ಕು ಸಯನೈಡ್ ಇದ್ದರೆ ಸಮತಲ ಚೌಕ, ಸೊನ್ನೆ. ಉತ್ತರ ಅದಲುಬದಲಾಗಿದ್ದರೆ ಅಂಕ ಹೋದಂತೆಯೇ.

ಒಂದು ಅಂಕದ ಪ್ರಶ್ನೆಗಳಲ್ಲಿ ಬೇರೆ ತೊಂದರೆ. ಎ ವಿಭಾಗದಲ್ಲಿ ಮೊದಲು ಬರೆದ ಉತ್ತರವನ್ನು ಮಾತ್ರ ಪರಿಗಣಿಸುತ್ತಾರೆ. ಮೊದಲು ತಪ್ಪು ಬರೆದು, ಕೊನೆಯ ಹತ್ತು ನಿಮಿಷದಲ್ಲಿ ನೆನಪಾಗಿ ಹಿಂದಿನ ಪುಟದಲ್ಲಿ ಸರಿಯಾದದ್ದನ್ನು ಮತ್ತೊಮ್ಮೆ ಬರೆದಿದ್ದರೆ ಆ ಅಂಕವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಾಗೆಯೇ ಆಯ್ಕೆ ಇರುವ ವಿಭಾಗದಲ್ಲಿ ನಾಲ್ಕು ಕೇಳಿದ ಕಡೆ ಆರು ಬರೆದು ಆರಕ್ಕೂ ಅಂಕ ಕೂಡಿಸುವವರಿದ್ದಾರೆ. ನೂರಕ್ಕೆ ನೂರು ಗ್ಯಾರಂಟಿ ಅಂತ ಮನೆಗೆ ಫೋನ್ ಮಾಡುವವರು ಇವರೇ.

ಅಂದಾಜು ಹಾಕಲೇಬೇಕು ಅನಿಸಿದರೆ ಮನೆಗೆ ಹೋಗಿ ಊಟ ಮಾಡಿ, ಒಬ್ಬರೇ ಕೂತು, ಯಾರನ್ನೂ ಕೇಳದೆ ಹಾಕಿ. ಪ್ರಶ್ನೆಪತ್ರಿಕೆ ಎದುರಿಗಿಟ್ಟುಕೊಂಡು ಪ್ರತಿ ಪ್ರಶ್ನೆಗೆ ಎರಡು ಸಂಖ್ಯೆ ಬರೆಯಿರಿ: ಖಂಡಿತ ಸಿಗುವುದು, ಉದಾರವಾಗಿ ಕೊಟ್ಟರೆ ಸಿಗುವುದು. ಎರಡು ಮೊತ್ತ ಬರುತ್ತವೆ, ಉದಾಹರಣೆಗೆ 51 ಮತ್ತು 59. ನಿಮ್ಮ ಅಂಕ ಅವೆರಡರ ನಡುವೆ ಎಲ್ಲೋ ಇರುತ್ತದೆ. ಇದಕ್ಕೆ ಪ್ರಾಕ್ಟಿಕಲ್‌ನ 30ನ್ನು ಬೆರೆಸಬೇಡಿ, ಅದು ಆಗಲೇ ಮುಗಿದ ಲೆಕ್ಕ. ಹಳೆಯ ಪ್ರಶ್ನೆಪತ್ರಿಕೆಗಳ ಜತೆ ಹೋಲಿಸುವವರಿಗೆ ಒಂದು ಮಾತು: ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಮೆಟಲರ್ಜಿ, ಪಾಲಿಮರ್ ಇವೆಲ್ಲ ಈಗಿನ ಹತ್ತು ಅಧ್ಯಾಯಗಳಲ್ಲಿ ಇಲ್ಲ. ಅಣ್ಣ–ಅಕ್ಕಂದಿರ ಕಾಲದ ಪೇಪರ್ ಸುಲಭವಿತ್ತೋ ಕಷ್ಟವಿತ್ತೋ ಅನ್ನುವ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಸಿಇಟಿ ಮುಗಿದ ದಿನದ ತಾಳೆ ಇದಕ್ಕಿಂತ ಸರಳ. ಕೆಮಿಸ್ಟ್ರಿಗೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಡಿತವಿಲ್ಲ, ಹಂತವೂ ಇಲ್ಲ. ಆದರೆ ಗೆಳೆಯರ ನಡುವೆ "23ನೇದಕ್ಕೆ ಬಿ ತಾನೇ?" ಅಂತ ಕೇಳುವ ಮೊದಲು ವರ್ಷನ್ ಕೋಡ್ ಕೇಳಿ. ಅವನ 23, ನಿಮ್ಮ 41 ಆಗಿರಬಹುದು.

ಪಿಯುಸಿ ಫಲಿತಾಂಶ ಬಂದ ಮೇಲೆ ಅಂಕ ನಿಮ್ಮ ಕೆಳಗಿನ ಮೊತ್ತಕ್ಕಿಂತಲೂ ತೀರಾ ಕಡಿಮೆ ಇದ್ದರೆ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಿ, ಮರುಮೌಲ್ಯಮಾಪನದ ಮಾತು ಆಮೇಲೆ. ಪ್ರತಿ ಬಂದಾಗ ಮೂರು ಕಡೆ ಕಣ್ಣು ಹಾಯಿಸಿ: ಒಳಪುಟದ ಅಂಕಗಳೆಲ್ಲ ಮುಖಪುಟಕ್ಕೆ ಬಂದಿವೆಯೇ, ಕೂಡಿಸಿದ್ದು ಸರಿಯೇ, ಬರೆದ ಉತ್ತರ ಯಾವುದಾದರೂ ಗುರುತೇ ಇಲ್ಲದೆ ಉಳಿದಿದೆಯೇ. ಲೆಕ್ಕ ಒಂದು ಪುಟದಲ್ಲಿ ಶುರುವಾಗಿ ನಾಲ್ಕು ಪುಟ ದಾಟಿ ಮುಂದುವರಿದಿದ್ದರೆ, ಮೊದಲು ತಿರುವಿ ನೋಡಬೇಕಾದ್ದು ಆ ಎರಡನೇ ತುಂಡನ್ನು.