ಹಲ್ಲು ಕೀಳಿಸಿದ ನಾಲ್ಕನೇ ದಿನ

ಹಲ್ಲು ಕೀಳಿಸಿದ ದಿನ ನಂಗೆ ಅಂಥ ನೋವೇ ಇರ್ಲಿಲ್ಲ, ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಎಲ್ರೂ ಹೆದ್ರೋದು ಆ ಸೂಜಿಗೆ ಆ ಇಕ್ಕಳಕ್ಕೆ. ಜುಲೈ 31ಕ್ಕೆ ಮಡಿಕೇರಿಲಿ ಕೆಳಗಡೆ ಬಲಗಡೆ ಕೊನೇ ದವಡೆ ಹಲ್ಲು ತೆಗೆಸ್ಕೊಂಡು, ಹತ್ತಿ ಕಚ್ಕೊಂಡು, ತುಟಿ ಎಲ್ಲಿದೆ ಅಂತಾನೇ ಗೊತ್ತಾಗ್ದೆ ಬಸ್ ಹತ್ತಿದೆ. ಕಂಡಕ್ಟರ್ ಎಲ್ಲಿಗೆ ಅಂದ್ರೆ ‘ಸುಂಟಿಕೊ’ ತನಕ ಬಂತು, ‘ಪ್ಪ’ ಬರ್ಲೇ ಇಲ್ಲ.

ತಪ್ಪು ಮಾಡಿದ್ದು ಮನೆಗೆ ಬಂದ್ಮೇಲೆ. ಡಾಕ್ಟ್ರು ಒಂದು ಚೀಟಿ ಕೊಟ್ಟಿದ್ರು, ಇವತ್ತು ಉಗುಳ್ಬೇಡಿ, ಬಾಯಿ ಮುಕ್ಕಳಿಸ್ಬೇಡಿ, ಬಿಸಿ ಕುಡೀಬೇಡಿ, ಸ್ಟ್ರಾ ಹಾಕಿ ಏನೂ ಹೀರ್ಬೇಡಿ, ಉಪ್ಪುನೀರು 24 ಗಂಟೆ ಕಳೆದ್ಮೇಲೆ, ಅದೂ ಮೆಲ್ಲಗೆ ಅಂತ. ಆ ಚೀಟಿ ಮಳೇಲಿ ನೆಂದು ಬ್ಯಾಗಲ್ಲೇ ಮುದ್ದೆ ಆಗಿತ್ತು. ಬಾಯಿ ತುಂಬ ರಕ್ತದ ರುಚಿ ಬೇರೆ, ಅಸಹ್ಯ ಆಗಿ ಉಗುಳ್ತಾನೇ ಇದ್ದೆ, ಆಮೇಲೆ ಅಮ್ಮ ಕೊಟ್ಟ ಬಿಸಿ ಬಿಸಿ ಬೆಲ್ಲದ ಕಾಪಿ, ಮಲಗೋ ಮುಂಚೆ ಉಪ್ಪುನೀರಲ್ಲಿ ಗಳಗಳ ಅಂತ ಜೋರಾಗಿ ಮುಕ್ಕಳಿಸಿದ್ದು, ಅಂದ್ರೆ ಏನೇನು ಮಾಡ್ಬಾರ್ದು ಅಂದಿದ್ರೋ ಅದೆಲ್ಲ ಒಂದೇ ರಾತ್ರೀಲಿ. ಸ್ಟ್ರಾ ಒಂದು ಮನೇಲಿ ಇರ್ಲಿಲ್ಲ, ಇದ್ದಿದ್ರೆ ಅದೂ ಆಗ್ತಿತ್ತು.

ಎರಡನೇ ದಿನ ಪರ್ವಾಗಿಲ್ಲ, ಕೆನ್ನೆ ಸ್ವಲ್ಪ ಊದಿತ್ತು ಅಷ್ಟೆ. ಮೂರನೇ ದಿನ ರಾತ್ರಿ ಶುರುವಾಯ್ತು ನೋಡಿ. ಹಲ್ಲಿದ್ದ ಜಾಗದಿಂದ ಕಿವಿ ಒಳಗೆ, ಅಲ್ಲಿಂದ ನೆತ್ತಿಗೆ, ಯಾರೋ ತಂತಿ ಹಿಡಿದು ಎಳೆದ ಹಾಗೆ. ಮಲ್ಗಿದ್ರೆ ಇನ್ನೂ ಜಾಸ್ತಿ ಬಡ್ಕೊಳ್ತಿತ್ತು, ತಲೆ ಕಡೆ ರಕ್ತ ಜಾಸ್ತಿ ಹರಿಯತ್ತಲ್ಲ ಅದಕ್ಕೆ, ಎರಡು ದಿಂಬು ಒರಗಿ ಕೂತೇ ಇದ್ದೆ. ಕರೆಂಟಿಲ್ಲ, ಹೊರಗೆ ಕಕ್ಕಡದ ಮಳೆ (ಕಕ್ಕಡ ಅಂದ್ರೆ ನಮ್ಮ ಕೊಡಗಲ್ಲಿ ಆಟಿ ತಿಂಗಳು), ಬಾಯಿಂದ ಏನೋ ಕೆಟ್ಟ ವಾಸನೆ. ಎರಡು ಗಂಟೆ ಹೊತ್ತಿಗೆ ತಡೀಲಾರ್ದೆ ಲವಂಗದ ಎಣ್ಣೆ ಬಾಟ್ಲಿನೇ ಅಲ್ಲಿಗೆ ಬಗ್ಗಿಸ್ಬಿಟ್ಟೆ, ವಸಡು ಸುಟ್ಟು ಬೆಳ್ಳಗಾಯ್ತು, ಹಳೇ ನೋವಿನ ಜೊತೆ ಹೊಸ ಉರಿ. ಹಾಗೆ ಹಸಿ ಎಣ್ಣೆ ಸುರೀಬೇಡಿ ದಯವಿಟ್ಟು, ಕೆಲವ್ರು ಆಸ್ಪಿರಿನ್ ಪುಡಿ ಮಾಡಿ ವಸಡಿಗೆ ಒತ್ತಿಡ್ತಾರಲ್ಲ ಅದೂ ಹಾಗೇ ಸುಡತ್ತೆ.

ಬೆಳಿಗ್ಗೆ ಪಕ್ಕದ ಮನೆ ಅಕ್ಕಂಗೆ ಹೇಳಿದ್ರೆ, “ಹಲ್ಲು ಕಿತ್ರೆ ನೋವಿರಲ್ವಾ ಮಾರಾಯ್ತಿ, ಒಂದು ವಾರ ಹಲ್ಲು ಕಚ್ಚಿ ತಡ್ಕೊ” ಅಂದ್ರು. ಹಲ್ಲೇ ಇಲ್ವಲ್ಲ ಅಕ್ಕ ಅನ್ನೋಣ ಅಂದ್ಕೊಂಡೆ, ಬಾಯಿ ತೆರೆಯೋಕ್ಕಾಗ್ಲಿಲ್ಲ. ನಾನೂ ಹಾಗೇ ನಂಬಿದ್ದೆ, ನೋವಿದ್ದೇ ಇರತ್ತೆ, ಇಷ್ಟಕ್ಕೆಲ್ಲ ಫೋನ್ ಮಾಡಿದ್ರೆ ಡಾಕ್ಟ್ರು ಏನಂದ್ಕೋತಾರೋ ಅಂತ.

ಅವತ್ತು ಆಗಸ್ಟ್ 3, ಕಕ್ಕಡ ಪದಿನೆಟ್ಟ್, ಅಂದ್ರೆ ಕಕ್ಕಡದ ಹದಿನೆಂಟನೇ ದಿನ. ಅವತ್ತು ಮದ್ದು ಅಂತ ತಿನ್ನೋ ಆಟಿ ಸೊಪ್ಪಿನ ಪಾಯಸ ಅಮ್ಮ ಮಾಡಿದ್ರು. ಬೇರೆ ಏನೂ ಅಗಿಯೋಕ್ಕಾಗ್ತಿರ್ಲಿಲ್ಲ, ಅದನ್ನೇ ಎರಡು ಬಟ್ಟಲು ನುಂಗಿದೆ. ಮಧ್ಯಾಹ್ನಕ್ಕೆ ಕಣ್ಣಲ್ಲಿ ನೀರು ಬರೋಕೆ ಶುರುವಾದ್ಮೇಲೆ ಮಾನ ಮರ್ಯಾದೆ ಬಿಟ್ಟು ಫೋನ್ ಮಾಡಿದೆ, “ಈಗ್ಲೇ ಬನ್ನಿ” ಅಂದ್ರು. ಬಾಯಿ ತೆರೆದ್ರೆ ನಾಲಿಗೆ ಪೂರ್ತಿ ನೇರಳೆ. ಡಾಕ್ಟ್ರು ಬೆಚ್ಚಿ ಬೀಳ್ತಾರೆ ಅಂದ್ಕೊಂಡ್ರೆ, “ಮದ್ದು ಪಾಯಸಾನಾ? ಬೆಳಿಗ್ಗೆಯಿಂದ ನೀವು ಮೂರನೇಯವ್ರು” ಅಂದ್ರು.

ಡ್ರೈ ಸಾಕೆಟ್ ಅಂತೆ. ಹಲ್ಲು ತೆಗೆದ ಗುಳೀಲಿ ರಕ್ತ ಹೆಪ್ಪುಗಟ್ಟಿ ಮುಚ್ಚಳದ ಹಾಗೆ ಕೂರ್ಬೇಕು, ಅದು ಕಿತ್ತು ಹೋದ್ರೆ ಒಳಗಿನ ಮೂಳೆ, ನರ ಎಲ್ಲ ಬಯಲಿಗೆ ಬೀಳತ್ತೆ. ನಾನು ಮುಕ್ಕಳಿಸಿ ಮುಕ್ಕಳಿಸಿ ಆ ಮುಚ್ಚಳಾನೇ ಹಾರಿಸಿದ್ದೆ. ಸಲೈನ್ ಹಾಕಿ ತೊಳೆದ್ರು, ಒಂದು ನೇರಳೆ ಅಕ್ಕಿ ಕಾಳೂ ಹೊರಗೆ ಬಂತು. ಆಮೇಲೆ ಔಷಧಿ ಹಚ್ಚಿದ ಸಣ್ಣ ಪಟ್ಟಿ ಒಳಗೆ ತುರುಕಿದ್ರು. ಅದೂ ಲವಂಗದ್ದೇ ವಾಸನೆ! ಯೂಜಿನಾಲ್ ಅಂತೆ, ಲವಂಗದ ಎಣ್ಣೇಲಿರೋದೇ, ಆದ್ರೆ ಅಳತೆಗೆ ಸರಿಯಾಗಿ ಗುಳಿ ಒಳಗೇ ಕೂರೋ ಥರ. ಹದಿನೈದು ನಿಮಿಷದಲ್ಲಿ ನೋವು ಇಳೀತು, ಆ ಕುರ್ಚೀಲೇ ನಿದ್ದೆ ಬರೋದೊಂದು ಬಾಕಿ.

ಹೊರಡೋವಾಗ ಅವ್ರು ಹೇಳಿದ್ದು, ಕಿತ್ತಾದ್ಮೇಲೆ ನೋವು ದಿನದಿಂದ ದಿನಕ್ಕೆ ಇಳೀಬೇಕು, ಇಳಿದಿದ್ದು ಮೂರ್ನಾಲ್ಕನೇ ದಿನ ತಿರುಗಿ ಏರಿದ್ರೆ ತಡ್ಕೊಂಡು ಕೂರೋ ನೋವಲ್ಲ ಅದು. ಜ್ವರ ಬಂದ್ರೆ, ಊತ ಏರ್ತಾ ಹೋದ್ರೆ, ನುಂಗೋಕೆ ಕಷ್ಟ ಆದ್ರೆ ಅವತ್ತೇ ಓಡಿ ಬನ್ನಿ ಅಂದ್ರು. ನೋವಿನ ಮಾತ್ರೆ ಐಬುಪ್ರೊಫೆನ್ ಊಟ ಆದ್ಮೇಲೇ ತಗೋಬೇಕಂತೆ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು, ಹೊಟ್ಟೆ ಹುಣ್ಣು, ಕಿಡ್ನಿ ತೊಂದ್ರೆ ಇರೋರು ಕೇಳ್ದೆ ಅದನ್ನ ಮುಟ್ಬಾರ್ದು, ನಮ್ಮಪ್ಪ ಅಂತೂ ಮೊಣಕಾಲು ನೋವಿಗೆ ಅಂತ ನನ್ನ ಮಾತ್ರೆ ಸ್ಟ್ರಿಪ್ಪಿಂದ ಒಂದು ನುಂಗೋದ್ರಲ್ಲಿದ್ರು.

ತಮ್ಮಂದು ಬೇರೇನೇ ಕಥೆ, ಅವ್ನಿಗೆ ರೂಟ್ ಕೆನಾಲ್ ಆಗಿ ಫಿಲ್ಲಿಂಗ್ ಕೂದಲೆಳೆಯಷ್ಟು ಎತ್ತರ ಉಳಿದು ಎರಡು ವಾರ ಕಚ್ಚಿದಾಗೆಲ್ಲ ಜೀವ ಹೋಗ್ತಿತ್ತು. ನೀಲಿ ಕಾಗದ ಕಚ್ಚಿಸಿ ಗುರುತು ಬಿದ್ದಲ್ಲಿ ಸ್ವಲ್ಪ ಉಜ್ಜಿದ್ರು, ಆವತ್ತಿಂದ ಸರಿ. ಅವ್ನೂ ನನ್ನ ಹಾಗೇ, ಎರಡು ವಾರ ಫೋನ್ ಮಾಡಿರ್ಲಿಲ್ಲ.

ನಂಗೆ ಆ ಪಟ್ಟಿ ಇನ್ನೆರಡು ಸಲ ಬದಲಾಯಿಸಿದ್ರು. ಸೆಪ್ಟೆಂಬರ್ 3ಕ್ಕೆ, ಕೊಡಗಿನ ಆಯುಧ ಪೂಜೆ ಹಬ್ಬ ಕೈಲ್ ಮುಹೂರ್ತದ ದಿನ, ಕಡುಬು, ಪಂದಿ ಕರಿ ಎಡಗಡೆ ಹಲ್ಲಲ್ಲೇ ಅಗಿದು ಮುಗಿಸಿದೆ. ಅಮ್ಮ ಮಾತ್ರ ಬಂದೋರಿಗೆಲ್ಲ ಪಾಯಸದಿಂದಾನೇ ವಾಸಿ ಆಗಿದ್ದು ಅಂತ ಹೇಳ್ತಿದ್ರು, ಆಟಿ ಸೊಪ್ಪಲ್ಲಿ ಹದಿನೆಂಟು ಮದ್ದು, ಆ ಡಾಕ್ಟ್ರ ಪಟ್ಟೀಲಿ ಇದ್ದಿದ್ದು ಬರೀ ಒಂದು ಲವಂಗ ಅಂತೆ.