ಐದು ಮಂದಿ ಇರುವ ಮನೆಯಲ್ಲಿ ಫ್ರೆಂಚ್ ಕಲಿಯೋದು ಹೆಂಗೆ?

ಗಂಗಾವತಿಯಲ್ಲಿ ಗುರುತಿನವರು ಸಿಕ್ಕಾಗೆಲ್ಲ ಕೇಳುವ ಪ್ರಶ್ನೆ ಇದು: "ಐದು ಮಂದಿ ಇರೋ ರೂಮಿನಾಗ ಫ್ರೆಂಚ್ ಹೆಂಗ ಕಲಿತೀಪಾ?" ಅದರ ಬಾಲ ಹಿಡಿದು ಇನ್ನೆರಡು ಬರುತ್ತವೆ: "ಯಾಕ ಕಲಿತಿ?", "ಕೆನಡಾಕ್ಕ ಹೊಂಟೀಯೇನು?" ಚಹಾದಂಗಡಿ ಮುಂದೆ ನಿಂತು ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿದೆ. ಪೂರ್ತಿ ಬರೆದಿಟ್ಟರೆ ಇನ್ನು ಮುಂದೆ ಲಿಂಕ್ ಕಳಿಸಿದರೆ ಮುಗಿಯಿತು.

ಮೊದಲು ಬಾಲದ್ದು ಮುಗಿಸುತ್ತೇನೆ. ವಾರವಿಡೀ ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಶನಿವಾರ ಸಂಜೆಯಿಂದ ಭಾನುವಾರದವರೆಗೆ ಆನೆಗುಂದಿ ಕಡೆಯ ಒಂದು ಹೋಂಸ್ಟೇಯಲ್ಲಿ ಬುಕಿಂಗು, ಬಿಲ್ಲು ನೋಡಿಕೊಳ್ಳುತ್ತೇನೆ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹಂಪಿಯ ಎದುರು ತುಂಗಭದ್ರೆಯ ನಡುಗಡ್ಡೆಯಾದ ವಿರುಪಾಪುರ ಗಡ್ಡೆಯ ರೆಸಾರ್ಟ್‌ಗಳು ನೆಲಕ್ಕುರುಳಿದವು. ಹೊಳೆಯ ಈಚೆ ದಂಡೆಗೆ ಬರುವ ವಿದೇಶಿಯರು ಆಮೇಲೆ ಆನೆಗುಂದಿ, ಸಾಣಾಪುರ ಅಂತ ಹಂಚಿಹೋದರು. ಚಳಿಗಾಲದಲ್ಲಿ ಬರುವವರ ಪೈಕಿ ಫ್ರೆಂಚರೂ ಇರುತ್ತಾರೆ. ಅವರಿಗೆ ಇಂಗ್ಲಿಷ್ ಬರುತ್ತದೆ, ನನ್ನ ಫ್ರೆಂಚ್ ಇಲ್ಲದಿದ್ದರೂ ಅವರ ಊಟ ನಿಲ್ಲುವುದಿಲ್ಲ. ಆದರೂ ಬೆಳಿಗ್ಗೆ ಎದುರಾದಾಗ "ಬೊಂಜೂರ್" ಅಂದರೆ ಮಾತಿನ ವರಸೆಯೇ ಬೇರೆ ಆಗುತ್ತದೆ. ನಮಸ್ಕಾರ ಹೇಳದೆ ನೇರ ಪ್ರಶ್ನೆಗೆ ಇಳಿಯುವುದು ಅವರಲ್ಲಿ ಒರಟುತನ. ನಮ್ಮ ಕಡೆ "ಅರಾಮದೀರಿ?" ಅನ್ನದೆ ವ್ಯವಹಾರ ಎತ್ತಿದರೆ ಹಿರಿಯರು ಮುಖ ನೋಡುತ್ತಾರಲ್ಲ, ಹಾಗೇ. ಕಲಿಯಲು ನನಗೆ ಅಷ್ಟು ಕಾರಣ ಸಾಕಾಯಿತು.

ಕೆನಡಾ ತಲೆಯಲ್ಲಿರುವವರಿಗೆ ಇಷ್ಟು ತಿಳಿದಿರಲಿ. ಅಲ್ಲಿಯ ಎಕ್ಸ್‌ಪ್ರೆಸ್ ಎಂಟ್ರಿಗೆ, ಅಂದರೆ ಕೆಲಸ ಬಲ್ಲವರು ಅಲ್ಲಿ ಕಾಯಂ ನೆಲೆಸಲು ಅರ್ಜಿ ಹಾಕುವ ವ್ಯವಸ್ಥೆಗೆ, ಡೆಲ್ಫ್ ಎಂಬ ಫ್ರಾನ್ಸ್ ಸರ್ಕಾರದ ಭಾಷಾ ಪರೀಕ್ಷೆಯ ಸರ್ಟಿಫಿಕೇಟ್ ನಡೆಯುವುದಿಲ್ಲ. ಟೆಫ್ ಕೆನಡಾ ಇಲ್ಲವೇ ಟಿಸಿಎಫ್ ಕೆನಡಾ ಎಂಬ ಪರೀಕ್ಷೆ ಬರೆಯಬೇಕು, ಅದರ ಫಲಿತಾಂಶಕ್ಕೆ ಎರಡೇ ವರ್ಷ ಆಯಸ್ಸು. 2023ರಿಂದ ಫ್ರೆಂಚ್ ಬಲ್ಲವರಿಗೆ ಬೇರೆಯೇ ಆಯ್ಕೆ ಸುತ್ತುಗಳಿವೆ ನಿಜ. ಆದರೆ ಓದು, ಬರಹ, ಕೇಳುವಿಕೆ, ಮಾತು ನಾಲ್ಕರಲ್ಲೂ ಅವರದೇ ಅಳತೆಯ ಏಳನೇ ಮಟ್ಟ ಕೇಳುತ್ತಾರೆ. ಅದು ಹೆಚ್ಚುಕಡಿಮೆ ಬಿ2, ಅಂದರೆ ಎ1ರಿಂದ ಸಿ2ವರೆಗಿನ ಆರು ಮೆಟ್ಟಿಲಲ್ಲಿ ನಾಲ್ಕನೆಯದು. ಬಿ1 ಅದರ ಕೆಳಗಿನ ಮೆಟ್ಟಿಲು. "ಮೂರು ತಿಂಗಳಲ್ಲಿ ಬಿ2" ಅಂತ ಬೋರ್ಡ್ ಹಾಕಿದವರ ಕಡೆ ಹೋಗುವ ಮೊದಲು ಒಂದು ಲೆಕ್ಕ ನೋಡಿ: ಬಿ1 ಮುಟ್ಟಲಿಕ್ಕೇ ಸಾಮಾನ್ಯವಾಗಿ 350ರಿಂದ 400 ಗಂಟೆ ಪಾಠ ಬೇಕು ಅನ್ನುತ್ತಾರೆ.

ಈಗ ಮನೆಯ ವಿಷಯಕ್ಕೆ ಬರೋಣ. ಎರಡು ಕೋಣೆ, ಒಂದು ಪಡಸಾಲೆ, ಒಂದೇ ಬಚ್ಚಲು, ಮೇಲೆ ಮಾಳಿಗೆ. ನನ್ನನ್ನು ಬಿಟ್ಟರೆ ಒಬ್ಬ ಮೆಡಿಕಲ್ ರೆಪ್, ಒಬ್ಬ ಕೆಎಎಸ್‌ಗೆ ಓದುವ ಹುಡುಗ, ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಮಲಗುವ ಒಬ್ಬ ಆಪರೇಟರ್, ಸಿಂಧನೂರು ಕಡೆಯ ಕ್ಯಾಂಪಿನಿಂದ ಬಂದು ಗೊಬ್ಬರದಂಗಡಿಯಲ್ಲಿ ಕೆಲಸ ಮಾಡುವ ತೆಲುಗು ಮನೆಮಾತಿನವನು ಒಬ್ಬ. ಕೇಳುವವರ ಅಭಿಪ್ರಾಯ ಏನೆಂದರೆ, ಇಷ್ಟು ಗದ್ದಲದಲ್ಲಿ ಭಾಷೆ ಕಲಿಯಲಾಗದು, ಅದಕ್ಕೆ ಬೇರೆ ರೂಮು, ಟೇಬಲ್ಲು, ಮುಚ್ಚಿದ ಬಾಗಿಲು ಬೇಕು. ನಾನು ಒಪ್ಪುವುದಿಲ್ಲ. ನಮ್ಮ ಸೀಮೆಯಲ್ಲಿ ಯಾವ ಭಾಷೆ ಮುಚ್ಚಿದ ಬಾಗಿಲ ಹಿಂದೆ ಬಂದಿದೆ? ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದ ರೈತರು ಕ್ಯಾಂಪು ಕಟ್ಟಿಕೊಂಡರು, ಅವರ ಜೊತೆ ತೆಲುಗು ಬಂತು. ಸಿಂಧನೂರು ತಾಲ್ಲೂಕಿನ ನಿರಾಶ್ರಿತರ ಕ್ಯಾಂಪುಗಳಲ್ಲಿ ಬಂಗಾಳಿ ಇದೆ. ಸಂತೆಯಲ್ಲಿ ಉರ್ದು, ತಾಂಡಾದಲ್ಲಿ ಲಂಬಾಣಿ. ಎಪಿಎಂಸಿ ಹಮಾಲಿ ಮೂರು ಭಾಷೆಯಲ್ಲಿ ಜಗಳ ಆಡಬಲ್ಲ, ಒಂದಕ್ಕೂ ಟ್ಯೂಷನ್‌ಗೆ ಹೋದವನಲ್ಲ.

ವ್ಯತ್ಯಾಸ ಒಂದೇ: ತೆಲುಗು ಬೀದಿಯಿಂದ ತಾನಾಗಿ ಕಿವಿಗೆ ಬೀಳುತ್ತದೆ, ಫ್ರೆಂಚ್ ಬೀಳುವುದಿಲ್ಲ. ಅದನ್ನು ನಾವೇ ಮನೆಯೊಳಗೆ ತಂದು ಓಡಾಡಿಸಬೇಕು. ಇಯರ್‌ಫೋನ್ ಸಿಕ್ಕಿಸಿಕೊಂಡು ಚಾದರ ಹೊದ್ದು ಗುಟ್ಟಾಗಿ ಕಲಿತದ್ದು ಗುಟ್ಟಾಗಿಯೇ ಉಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಹಾಗಾಗಿ ಮನೆಯ ವ್ಯವಹಾರದೊಳಕ್ಕೇ ಫ್ರೆಂಚನ್ನು ತಂದೆ.

ತರುವ ಮೊದಲು ಒಂದು ಒಪ್ಪಂದ ಮಾಡಿಕೊಳ್ಳಬೇಕಾಯಿತು. "ಸ್ವಲ್ಪ ಸುಮ್ಮನಿರ್ರೋ, ಓದಾಕತ್ತೀನಿ" ಎಂಬ ಬೇಡಿಕೆ ಒಂದು ವಾರದ ಮೇಲೆ ನಡೆಯುವುದಿಲ್ಲ. ಬಿಟ್ಟಿ ಉಪಕಾರಕ್ಕೆ ಆಯುಷ್ಯ ಕಡಿಮೆ. ನಾನು ಬೆಳಗಿನ ಪಾತ್ರೆ ತೊಳೆಯುವ ಪಾಳಿ ಪೂರ್ತಿ ನನ್ನ ಮೇಲೆ ಹಾಕಿಕೊಂಡೆ. ಬದಲಿಗೆ ರಾತ್ರಿ ಊಟವಾದ ಮೇಲೆ ಒಂದು ತಾಸು ಒಳಗಿನ ಕೋಣೆ ನನ್ನದು, ಬಾಯಿಬಿಟ್ಟು ಓದುವ ಹಕ್ಕಿನ ಸಮೇತ. ಹಗಲು ಆಪರೇಟರ್ ಮಲಗಿದ್ದಾಗ ತುಟಿ ಅಲ್ಲಾಡಬಹುದು, ದನಿ ಹೊರಡಬಾರದು. ಮಾಳಿಗೆ ಯಾವಾಗಲೂ ಎಲ್ಲರಿಗೂ ಬಿಟ್ಟದ್ದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ರಾತ್ರಿ ಒಂಬತ್ತಾದರೂ ನೆಲ ಕಾಲು ಸುಡುತ್ತಿರುತ್ತದೆ, ಚಪ್ಪಲಿ ಹಾಕಿಕೊಂಡೇ ಓದಬೇಕು.

ಮಾಳಿಗೆಯ ಮೇಲೆ ಮೊದಲು ಮಾಡಿದ್ದು ಉಚ್ಚಾರಣೆ. ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕನ್ನಡಿಗರಿಗೆ ಇಲ್ಲಿರುವ ಅನುಕೂಲವನ್ನು ಯಾವ ಆ್ಯಪೂ ಹೇಳುವುದಿಲ್ಲ. ಫ್ರೆಂಚಿನ ತ, ದ ಅಂದರೆ ನಾಲಿಗೆ ಹಲ್ಲಿಗೆ ತಾಗುವ ನಮ್ಮದೇ ತ, ದ. ಇಂಗ್ಲಿಷ್ ಶಾಲೆಯ "ಟೇಬಲ್" ನಾಲಿಗೆಯನ್ನು ಪಕ್ಕಕ್ಕಿಟ್ಟು "ತಾಬ್ಲ್" ಅನ್ನಬೇಕು, ಅಷ್ಟೇ. ಪ, ತ, ಕಗಳಿಗೆ ಇಂಗ್ಲಿಷಿನವರು ಸೇರಿಸುವ ಉಸಿರನ್ನು ಫ್ರೆಂಚರು ಸೇರಿಸುವುದಿಲ್ಲ, ನಾವೂ ಸೇರಿಸುವುದಿಲ್ಲ. ಅಂದರೆ ಇಂಗ್ಲಿಷ್ ಮೂಲಕ ಫ್ರೆಂಚಿಗೆ ಹೋಗುವುದು ಸುತ್ತುದಾರಿ.

ಕಷ್ಟ ಇರುವುದು ಸ್ವರಗಳಲ್ಲಿ. "ಈ" ಎನ್ನುತ್ತಾ ನಾಲಿಗೆ ಅಲ್ಲಾಡಿಸದೆ ತುಟಿಯನ್ನು ಮಾತ್ರ "ಊ"ಗೆ ದುಂಡಗೆ ಮಾಡಿದರೆ ಒಂದು ಸ್ವರ ಬರುತ್ತದೆ, ನಮ್ಮಲ್ಲಿ ಇಲ್ಲದ್ದು. ಅದು ತಪ್ಪಿದರೆ "ಮೇಲೆ" ಎನ್ನುವ ಶಬ್ದ "ಕೆಳಗೆ" ಆಗಿಬಿಡುತ್ತದೆ, ಎರಡಕ್ಕೂ ವ್ಯತ್ಯಾಸ ಆ ಒಂದು ಸ್ವರ ಮಾತ್ರ. ಅತಿಥಿಗೆ ರೂಮು ಮೇಲೋ ಕೆಳಗೋ ಹೇಳುವ ಕೆಲಸದವನಿಗೆ ಇದು ಸಣ್ಣ ಮಾತಲ್ಲ. ಇನ್ನು ಮೂಗಿನ ಸ್ವರಗಳು: ವೈನ್, ಗಾಳಿ, "ಅವರು ಹೋಗುತ್ತಾರೆ", ಈ ಮೂರಕ್ಕೂ "ವ" ಮುಂದೆ ಒಂದೊಂದು ಮೂಗಿನ ಸ್ವರ, ಅಷ್ಟರಲ್ಲೇ ಅರ್ಥ ಬೇರೆ. ನಾವು ಸೊನ್ನೆ ಬರೆದು ಕೊನೆಗೆ ತುಟಿ ಮುಚ್ಚುತ್ತೇವೆ. ಅವರು ತುಟಿ ಮುಚ್ಚುವುದಿಲ್ಲ, ನಾಲಿಗೆಯನ್ನೂ ಎಲ್ಲಿಗೂ ತಾಗಿಸುವುದಿಲ್ಲ. ಕೈಯಲ್ಲಿ ಸಣ್ಣ ಕನ್ನಡಿ ಹಿಡಿದು ತುಟಿ ಮುಚ್ಚದಂತೆ ಕಾಯಬೇಕು.

ಫ್ರೆಂಚರ ಗಂಟಲಿನ "ರ" ಮಾತ್ರ ಕನ್ನಡಿಯಿಂದ ಬರಲಿಲ್ಲ, ಮೆಡಿಕಲ್ ರೆಪ್‌ನಿಂದ ಬಂತು. ಅವನ ಮನೆಮಾತು ಉರ್ದು. ನಾನು ಮಾಳಿಗೆ ಮೇಲೆ ಖ್ಯಾಕರಿಸುವುದನ್ನು ಕೇಳಿ ಮೇಲೆ ಬಂದವನು "ಕಫಾ ಆಗೈತೇನೋ ನಿನಗ?" ಅಂದ. ವಿಷಯ ತಿಳಿದ ಮೇಲೆ "ಗರೀಬ್ ಅನ್ನು, ಗಲತ್ ಅನ್ನು. ನಿಮ್ಮ ಗ ಅಲ್ಲಲೇ, ನಮ್ಮ ಗ" ಎಂದು ಉಜ್ಜಿದ ಗಕಾರ ಹೇಳಿಕೊಟ್ಟ. ಫ್ರೆಂಚ್ ರಕಾರ ಅದಕ್ಕೆ ತೀರಾ ಹತ್ತಿರ. ಒಬ್ಬನೇ ಒಂದು ರೂಮಿನಲ್ಲಿದ್ದರೆ ಇದನ್ನು ಹೇಳಿಕೊಡುವವರು ಯಾರು?

ಆಮೇಲೆ ಲಿಂಗದ ಗೋಳು. ಕನ್ನಡದಲ್ಲಿ ವಸ್ತು ಅಂದರೆ ನಪುಂಸಕಲಿಂಗ, ಚಿಂತೆಯಿಲ್ಲ. ಫ್ರೆಂಚಿನಲ್ಲಿ ಬಾಗಿಲು, ಕುರ್ಚಿ, ಬೀಗದ ಕೈ ಸ್ತ್ರೀಲಿಂಗ. ಬಕೆಟ್, ಮಂಚ, ಉಪ್ಪು ಪುಲ್ಲಿಂಗ. ಕೊನೆಯ ಅಕ್ಷರಗಳಿಂದ ಒಂದಿಷ್ಟು ಊಹಿಸಬಹುದು, ಮಿಕ್ಕದ್ದು ಬಾಯಿಪಾಠವೇ. ಪುಲ್ಲಿಂಗಕ್ಕೆ ನೀಲಿ, ಸ್ತ್ರೀಲಿಂಗಕ್ಕೆ ಕೆಂಪು ಅಂತ ಚೀಟಿ ಬರೆದು ಮನೆತುಂಬ ಅಂಟಿಸಿದೆ. ಬಾಡಿಗೆ ಕೇಳಲು ಬಂದ ಓನರ್ ಅಜ್ಜ ಫ್ರಿಜ್ಜಿನ ಮೇಲಿನ ಚೀಟಿ ನೋಡಿ, ಸಾಲದ ಕಂತು ಕಟ್ಟದೆ ಯಾರೋ ಜಪ್ತಿ ಮಾಡಿದ್ದಾರೆಂದು ತಿಳಿದು ಗಾಬರಿಯಾದರು. ಹುಡುಗರಿಗಂತೂ ಅದೊಂದು ಆಟವಾಯಿತು. ಬಚ್ಚಲ ಮುಂದೆ ಕಾಯುತ್ತಾ ನಿಂತವನು "ಲಾ ಪೋರ್ತ್ ತಗಿಯಪಾ ಸಾಕು" ಎಂದು ಬಾಗಿಲು ಬಡಿಯುತ್ತಾನೆ. ಲ ಅಂದರೆ ಗಂಡು, ಲಾ ಅಂದರೆ ಹೆಣ್ಣು ಎಂಬಷ್ಟು ವ್ಯಾಕರಣ ಈ ಮನೆಯ ಎಲ್ಲರಿಗೂ ಬರುತ್ತದೆ. ನಾನು ತಪ್ಪಿದರೆ ತಿದ್ದುವ ನಾಲ್ಕು ಮಂದಿ ಇದ್ದಾರೆ, ಖುಷಿಯಿಂದ ತಿದ್ದುತ್ತಾರೆ.

ಅಂಕಿಗಳಿಗೆ ತಿಂಗಳ ಖರ್ಚಿನ ಲೆಕ್ಕ. ಹಾಲು, ಗ್ಯಾಸು, ಕರೆಂಟು ಭಾಗ ಹಾಕುವುದು ನನ್ನ ಕೆಲಸ, ಅದನ್ನು ಫ್ರೆಂಚಿನಲ್ಲಿ ಗಟ್ಟಿಯಾಗಿ ಓದುತ್ತೇನೆ. ಅರವತ್ತೊಂಬತ್ತರವರೆಗೆ ಸಮಸ್ಯೆಯಿಲ್ಲ. ಎಪ್ಪತ್ತು ಅಂದರೆ ಅವರಿಗೆ ಅರವತ್ತು-ಹತ್ತು, ಎಂಬತ್ತು ಅಂದರೆ ನಾಲ್ಕು ಇಪ್ಪತ್ತು, ತೊಂಬತ್ತೇಳು ಅಂದರೆ ನಾಲ್ಕು ಇಪ್ಪತ್ತು ಮತ್ತು ಹದಿನೇಳು. ತಲೆಗೆ 97 ರೂಪಾಯಿ ಬಂದ ತಿಂಗಳು ನಾನು ತಡವರಿಸಿದಷ್ಟು ಹೊತ್ತೂ ಯಾರೂ ದುಡ್ಡು ತೆಗೆಯಲಿಲ್ಲ. ಬೆಲ್ಜಿಯಂ, ಸ್ವಿಟ್ಜರ್‌ಲೆಂಡಿನವರು ಎಪ್ಪತ್ತಕ್ಕೂ ತೊಂಬತ್ತಕ್ಕೂ ನೇರ ಶಬ್ದ ಇಟ್ಟುಕೊಂಡಿದ್ದಾರೆ, ಬುದ್ಧಿವಂತರು.

ಕೇಳುವ ಅಭ್ಯಾಸಕ್ಕೆ ಆರ್‌ಎಫ್‌ಐ ಎಂಬ ಫ್ರೆಂಚ್ ರೇಡಿಯೋ ಹತ್ತು ನಿಮಿಷದ ಸುಲಭ ಫ್ರೆಂಚ್ ವಾರ್ತೆ ಕೊಡುತ್ತದೆ, ಓದಿದ್ದರ ಬರಹರೂಪವೂ ಪುಕ್ಕಟೆ ಸಿಗುತ್ತದೆ. ಟಿವಿ5ಮೊಂದ್ ಎಂಬ ಚಾನೆಲ್ಲಿನ ಸೈಟಿನಲ್ಲಿ ಎ1ರಿಂದ ಬಿ2ವರೆಗೆ ಅಭ್ಯಾಸಗಳಿವೆ, ಅವೂ ಪುಕ್ಕಟೆ. ವಾರ್ತೆಯನ್ನು ನಾನು ಚಪಾತಿ ಲಟ್ಟಿಸುವಾಗ ಸ್ಪೀಕರಿನಲ್ಲೇ ಹಾಕುತ್ತೇನೆ. ಕೆಎಎಸ್ ಹುಡುಗ ಒಳಗಿನಿಂದ ಕೂಗುತ್ತಾನೆ: "ಅಣ್ಣಾ, ಏನಂತ ಇವತ್ತು?" ಪ್ರಚಲಿತ ವಿದ್ಯಮಾನ ಅವನಿಗೆ ಬೇಕು, ಹಾಗಾಗಿ ನನಗೆ ತಿಳಿದದ್ದೆಷ್ಟು ಎಂಬುದು ದಿನವೂ ಪರೀಕ್ಷೆ ಆಗುತ್ತದೆ. ಅರ್ಧ ತಿಳಿದು ಕಥೆ ಕಟ್ಟಿದರೆ ಮರುದಿನ ಪೇಪರ್ ತಂದು ತೋರಿಸುತ್ತಾನೆ.

ಮೊದಮೊದಲು ಶಬ್ದಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಕೇಳುತ್ತವೆ, ಎಲ್ಲಿ ಮುಗಿಯಿತು ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಹೈಸ್ಕೂಲಿನ ಸಂಧಿ ಪಾಠ ನೆನಪಿದ್ದವರಿಗೆ ಇದು ಬೇಗ ಬಗೆಹರಿಯುತ್ತದೆ. ಸ್ವರದ ಮುಂದೆ ಸ್ವರ ಬಂದರೆ ಒಂದನ್ನು ಬೀಳಿಸುತ್ತಾರೆ, ಅದು ಲೋಪ. ಕೆಲವು ಕಡೆ ನಡುವೆ ಒಂದು ತಕಾರ ತಂದು ಕೂರಿಸುತ್ತಾರೆ, ಮನೆಯಲ್ಲಿ ಎಂಬಲ್ಲಿ ನಾವು ಯಕಾರ ತಂದ ಹಾಗೆ, ಅದು ಆಗಮ. ಇಷ್ಟು ತಿಳಿದ ಮೇಲೆ ವಾರ್ತೆ ತುಂಡುತುಂಡಾಗಿ ಬಿಡಿಸಿಕೊಳ್ಳತೊಡಗಿತು. ನೀನು, ನೀವು ವ್ಯತ್ಯಾಸವನ್ನೂ ನಮಗೆ ಯಾರೂ ಕಲಿಸಬೇಕಿಲ್ಲ, ಅಲ್ಲಿ ನಾವು ಹುಟ್ಟಾ ಪಾಸು.

ಮಾತಿಗೆ ಜೋಡಿ ಯಾರು ಅಂತ ಕೇಳುತ್ತೀರಿ. ಅತಿಥಿಗಳನ್ನು ನೆಚ್ಚಬೇಡಿ. ಅವರು ಅಂಜನಾದ್ರಿ ಹತ್ತಲು ಬಂದಿರುತ್ತಾರೆ, ನಮಗೆ ಪಾಠ ಹೇಳಲು ಅಲ್ಲ. ನಾವು ತಡವರಿಸಿದ ಕೂಡಲೇ ಪಾಪ ಅಂತ ಇಂಗ್ಲಿಷಿಗೆ ತಿರುಗುತ್ತಾರೆ. ದುಡ್ಡು ಕೊಟ್ಟು ಆನ್‌ಲೈನ್ ಮೇಷ್ಟರನ್ನು ಹಿಡಿಯುವುದೇ ಸರಿ. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್ ಕೂಡ ಆನ್‌ಲೈನ್ ತರಗತಿ ನಡೆಸುತ್ತದೆ. ಆ್ಯಪುಗಳು ದಿನಾ ತೆರೆಯುವ ರೂಢಿ ಹಚ್ಚುತ್ತವೆ, ಅಷ್ಟೇ. ಕ್ಲಾಸಿನಲ್ಲಿ ಕ್ಯಾಮೆರಾ ಹಾಕುವಾಗ ಗೋಡೆಗೆ ಬೆನ್ನು ಕೊಟ್ಟು ಕೂರಿ. ನಮ್ಮ ಮನೆಯಲ್ಲಿ ಬಚ್ಚಲಿನಿಂದ ಕೋಣೆಗೆ ಹೋಗುವ ದಾರಿ ನನ್ನ ಬೆನ್ನ ಹಿಂದೆಯೇ ಇತ್ತು, ಟವೆಲ್ ಉಟ್ಟವರ ಪರಿಚಯ ಇಡೀ ಕ್ಲಾಸಿಗೆ ಆಗಿತ್ತು.

ಗದ್ದಲದಲ್ಲಿ ಆಗದ ಕೆಲಸವೂ ಒಂದಿದೆ: ಬರವಣಿಗೆ. ಡೆಲ್ಫ್ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಒಂದೊಂದಕ್ಕೆ 25 ಅಂಕ. 100ಕ್ಕೆ 50 ಬಂದರೆ ಪಾಸು, ಆದರೆ ಯಾವುದರಲ್ಲೂ 5ಕ್ಕಿಂತ ಕೆಳಗೆ ಬೀಳುವಂತಿಲ್ಲ. ಪಾಸಾದರೆ ಆ ಸರ್ಟಿಫಿಕೇಟಿಗೆ ಮುಕ್ತಾಯದ ದಿನಾಂಕವಿಲ್ಲ. ಬಿ1ರಲ್ಲಿ ಕನಿಷ್ಠ 160 ಶಬ್ದದ ಬರಹ ಒಂದನ್ನು ಬರೆಯಬೇಕು, ಅದನ್ನು ಪಕ್ಕದಲ್ಲಿ ತೆಲುಗು ಹಾಡು ಕೂಗುತ್ತಿದ್ದರೆ ಬರೆಯಲಾಗುವುದಿಲ್ಲ. ತಾಲ್ಲೂಕು ಲೈಬ್ರರಿಯಲ್ಲಿ ಕೂತು ಬರೆದೆ, ಮಿಲ್ಲಿನಲ್ಲಿ ಊಟದ ಬಿಡುವಿನಲ್ಲಿ ಬರೆದೆ. ಆದರೆ ಗಡಿಯಾರ ಇಟ್ಟುಕೊಂಡು ಪೂರ್ತಿ ಮಾದರಿ ಪರೀಕ್ಷೆ ಬರೆಯಲು ಎರಡು ತಾಸು ಖಾಲಿ ಮನೆಯೇ ಬೇಕು. ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಪರೀಕ್ಷೆಗೆ ಹೋಗುವ ಮೊದಲಿನ ಭಾನುವಾರ ಹೋಂಸ್ಟೇಗೆ ರಜೆ ಹಾಕಿ, ನಾಲ್ವರನ್ನೂ ಮಧ್ಯಾಹ್ನದ ತೆಲುಗು ಸಿನೆಮಾಕ್ಕೆ ಕಳಿಸಿದೆ, ಬರುವಾಗ ಮಿರ್ಚಿ-ಮಂಡಕ್ಕಿ ತಿಂದೇ ಬರಬೇಕೆಂಬ ಷರತ್ತು ಹಾಕಿ. ಟಿಕೆಟ್ಟು, ಮಿರ್ಚಿ ಎರಡರ ಖರ್ಚೂ ನನ್ನದೇ. ಡೈರಿಯಲ್ಲಿ ಅದನ್ನು "ಪರೀಕ್ಷಾ ಶುಲ್ಕ" ಎಂಬ ತಲೆಬರಹದ ಕೆಳಗೇ ಬರೆದಿದ್ದೇನೆ.